ಮರಳಿನ ಮೇಲೆ ಕಣ್ಣು ಮುಚ್ಚಿ ನಿಂತವನಿಗೆ

ವಾಸು, ಆ ದಿನ ನೀನು ಕುಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ.

ನಿನಗೆ ಶಬ್ದ ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ — ಇಲ್ಲ, ಅದಕ್ಕೆ ಮಾತ್ರ ಅಲ್ಲ. ಎದುರು ನಿಂತು ಹೇಳುವ ಧೈರ್ಯ ಇಷ್ಟು ವರ್ಷ...

ಬೆಂಗ್ರೆಯ ಸಮುದ್ರಪೂಜೆ. ಮಳೆಗಾಲದ ರಜೆ ಮುಗಿದು ಬೋಟು ಇಳಿಸುವ ಮೊದಲು ಎಲ್ಲರೂ ಮರಳಿನ ಮೇಲೆ ಸಾಲಾಗಿ, ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದೆವು. ನೀನು ನನ್ನ ಪಕ್ಕದಲ್ಲಿದ್ದೆ. ಕಣ್ಣು ಮುಚ್ಚಿದ್ದೇ ತೂರಾಡಿ, ಸಮುದ್ರಕ್ಕೆ ಎರೆಯಲು ಇಟ್ಟಿದ್ದ ಹಾಲಿನ ಚೆಂಬಿನ ಮೇಲೆಯೇ ಬಿದ್ದೆ.

"ಹಾಲು ಸಮುದ್ರಕ್ಕೆ ಮಾರಾಯ, ವಾಸುವಿನದ್ದು ಬೇರೆಯೇ ಉಂಟು!" ಎಂದು ಯಾರೋ ನಕ್ಕರು.

ಎತ್ತಿದವನು ನಾನು. ನಿನ್ನ ಬಾಯಿ ನನ್ನ ಮೂಗಿನ ಹತ್ತಿರವೇ ಇತ್ತು — ಚಹಾದ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಬೋಟಿನ ಧಣಿ ಕೇಳಿದರು, "ಎಂತ ಇದು, ಪೂಜೆಗೂ ಕುಡಿದು ಬಂದಿದ್ದಾನಾ?"

"ಹೌದು ಧಣಿ. ವಾಸನೆ ಬರ್ತಾ ಉಂಟು" ಎಂದೆ.

ಆ ವರ್ಷ ಚುಕ್ಕಾಣಿ ನಿನಗೆಂದು ಮಾತಾಗಿತ್ತು. ಅದು ನನಗೆ ಸಿಕ್ಕಿತು. ನಿನ್ನನ್ನು ಯಾವ ಬೋಟಿಗೂ ಹತ್ತಿಸಲಿಲ್ಲ. ನೀನು ದಡದಲ್ಲಿ ಕೂತು ಬಲೆ ಹೆಣೆದೆ. ಕುಡುಕ ವಾಸು ಎಂಬ ಹೆಸರಿನಲ್ಲೇ ಮುದುಕನಾದೆ.

ಮೊನ್ನೆ ನಿನ್ನ ಮಗಳು, "ದೊಡ್ಡಪ್ಪ, ಅಪ್ಪನ ಕಿವಿ ತೋರಿಸ್ಲಿಕ್ಕೆ ಆಸ್ಪತ್ರೆಗೆ ಜೊತೆಗೆ ಬರ್ತೀರಾ?" ಎಂದಾಗ ಇಲ್ಲವೆನ್ನಲಾಗಲಿಲ್ಲ. ಡಾಕ್ಟರು ನಿನ್ನನ್ನು ದಪ್ಪನೆಯ ಸ್ಪಂಜಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚುವಂತೆ ಸನ್ನೆ ಮಾಡಿದರು. ನೀನು ವಾಲಿದೆ — ಅದೇ ರೀತಿ, ಅದೇ ಮಗ್ಗುಲಿಗೆ.

"ಕಿವಿಯ ನರದ ತೊಂದರೆ ಇರುವ ಕೆಲವರಿಗೆ ಬ್ಯಾಲೆನ್ಸಿನ ನರವೂ ಸೋತಿರ್ತದೆ" ಎಂದರು ಡಾಕ್ಟರು. "ಕಣ್ಣು ತೆರೆದಿದ್ದರೆ ಹೇಗೋ ನಿಲ್ತಾರೆ. ಮುಚ್ಚಿದರೆ, ಅದೂ ಮೆತ್ತಗಿನ ನೆಲದಲ್ಲಿ, ಕಷ್ಟ."

ನಿನ್ನ ಮಗಳು ನನ್ನ ಕಡೆ ತಿರುಗಿದಳು. "ಹಾಗಾದರೆ ಅಪ್ಪ ಅವತ್ತು ಕುಡಿದಿರಲಿಲ್ವಾ ದೊಡ್ಡಪ್ಪ? ಕುಡಿದಿಲ್ಲ ಅಂತ ಅಪ್ಪ ಎಷ್ಟು ಹೇಳಿದರೂ ಅಮ್ಮ ಸಾಯುವವರೆಗೂ ನಂಬಲೇ ಇಲ್ಲ."

ನಾನು, "ಊರಿಗೆ ಹೋಗುವ ದೋಣಿಗೆ ಹೊತ್ತಾಯಿತು" ಎಂದೆ. ಇನ್ನೊಮ್ಮೆ ಸತ್ಯ ಮುಚ್ಚಿಟ್ಟೆ.

ನರದ ವಿಷಯ ಆಗಲೇ ತಿಳಿದಿದ್ದರೂ ಚುಕ್ಕಾಣಿ ನಿನಗೆ ಸಿಗುತ್ತಿರಲಿಲ್ಲವೇನೋ ಎಂದು ಸಮಾಧಾನಪಟ್ಟುಕೊಳ್ಳಲು ನೋಡಿದೆ. ಆಗಲಿಲ್ಲ. ನಾನು ಕಸಿದದ್ದು ಚುಕ್ಕಾಣಿಯನ್ನಷ್ಟೇ ಅಲ್ಲ. ನಿನ್ನ ಹೆಂಡತಿಗೆ ನಿನ್ನ ಮೇಲಿದ್ದ ನಂಬಿಕೆಯನ್ನೂ. ಅದನ್ನು ಯಾರಿಗೆ ಹಿಂದಿರುಗಿಸಲಿ?

ಇದನ್ನು ನೀನು ಓದಿ ಮಗಳಿಗೆ ಕೊಡು. ಈ ಸಲದ ಪೂಜೆಯಲ್ಲಿ, ಎಲ್ಲರೂ ಕಣ್ಣು ಮುಚ್ಚುವ ಮೊದಲು, ನಾನೇ ಮುಂದೆ ಬಂದು ನಿಜ ಹೇಳುತ್ತೇನೆ. ನೀನು ಬರಲೇಬೇಕೆಂದಿಲ್ಲ. ಬಂದರೆ, ಕಣ್ಣು ತೆರೆದೇ ನಿಲ್ಲು.