ಕುಳಿತ ಸುಬೇದಾರನಿಗೆ ಧ್ವಜ

ಮಿತ್ರರೇ, ಇಂದು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಚಪಳಗಾಂವದಲ್ಲಿ ನನ್ನ ಹಳೆಯ ವಿದ್ಯಾರ್ಥಿ, ನಿವೃತ್ತ ಸುಬೇದಾರ ಶಿವಪ್ಪನ ಅಂತ್ಯಕ್ರಿಯೆ. ನಾವು ಲಿಂಗಾಯತರು ಶವವನ್ನು ಕುಳ್ಳಿರಿಸಿಯೇ ಮಣ್ಣು ಮಾಡುತ್ತೇವೆ. ಸರಕಾರಿ ಗೌರವಕ್ಕೆಂದು ಧ್ವಜ ತಂದಿದ್ದ ಗುಮಾಸ್ತರು ತಡೆದರು: "ಧ್ವಜಾ ಮಲಗಿಸಿದವ್ರ ಮ್ಯಾಲ ಹೊದಿಸೂದ್ರಿ. ಕುಂತವ್ರಿಗೆ ನಿಯಮದಾಗ ಜಾಗಾ ಇಲ್ಲ."

ಶಿವಪ್ಪನ ಅಕ್ಕ ಗಂಗವ್ವ ಎದುರು ಬಂದರು. "ಸಾಹೇಬ್ರ, ನನ್ನ ತಮ್ಮ ಗಡಿಮ್ಯಾಲ ಇಪ್ಪತ್ತೆಂಟು ವರ್ಷ ನಿಂತಾನ. ಈಗರೆ ಕುಂದ್ರಾಕ ಬಿಡ್ರಿ."

ಗುಮಾಸ್ತರು ಚಪ್ಪಲಿ ಕಳಚಿದರು. ಕುಳಿತವನ ಹೆಗಲಿನಿಂದ ಮೊಣಕಾಲಿನವರೆಗೆ ತಾವೇ ಧ್ವಜ ಹೊದಿಸಿದರು. ಸಮಾಧಿಗೆ ಇಳಿಸುವ ಮೊದಲು ಅದನ್ನು ತೆಗೆದು, ಮಡಿಸಿ, ಅಕ್ಕನ ಕೈಗಿತ್ತರು. ಬಳಿಕ ಮರಾಠಿಯಲ್ಲಿ ವರದಿ ಬರೆದರು: "ನಿಯಮಾನುಸಾರ ಮಲಗಿಸಿ ಧ್ವಜ ಹೊದಿಸಲಾಯಿತು."

ವರದಿಯನ್ನು ನನ್ನ ಮುಂದೆ ಹಿಡಿದರು: "ಗುರೂಜಿ, ಸಾಕ್ಷಿಗೆ ನಿಮ್ಮ ಸಹಿ ಮಾಡ್ರಿ."

ವ್ಯಾಕರಣ ಶುದ್ಧವಾಗಿತ್ತು, ‘ಮಲಗಿಸಿ’ ಎಂಬ ಮಾತು ಮಾತ್ರ ಸುಳ್ಳು. ನಲವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆದ ನಾನು ಅದರ ಕೆಳಗೆ ಸಹಿ ಹಾಕಿದೆ.