ಮುಂಜಾನೆಯದೇ ಬೇಕು ಎಂದವಳು

ಬೀದರಿನ ಲ್ಯಾಬಿನಲ್ಲಿ ನನ್ನದೊಂದು ಹಟವಿತ್ತು. ಪರೀಕ್ಷೆಗೆ ಮುಂಜಾನೆ ಎದ್ದ ಕೂಡಲೇ ಹಿಡಿದ ಮೂತ್ರವೇ ಬೇಕು. ಮಧ್ಯಾಹ್ನ ಬಂದವರು ಔರಾದಿನಿಂದ ಬಂದಿರಲಿ, ಎಕಂಬಾದಿಂದ ಬಂದಿರಲಿ, ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದೆ. ಕಲಿತದ್ದೇ ಹಾಗೆ. ಅದರ ಬಗ್ಗೆ ಜಂಬವೂ ಇತ್ತು.

ನನ್ನ ಅಕ್ಕನ ಗಂಡ ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬರಗಾಲಕ್ಕೆ ಕಬ್ಬು ಒಣಗಿ ಕಾರ್ಖಾನೆ ನಿಂತಾಗ ಸುಡಾನಿನ ಸಕ್ಕರೆ ಕಾರ್ಖಾನೆಗೆ ಹೋದರು. ಹತ್ತು ವರ್ಷ ಅಲ್ಲೇ ಇದ್ದರು. ರಜೆಗೆ ಬಂದಾಗ ಟ್ಯಾಂಕರ್ ಮುಂದೆ ನಿಂತ ನಮ್ಮನ್ನು ನೋಡಿ ನಗುತ್ತಿದ್ದರು. "ನೀವು ಇಲ್ಲಿ ಕೊಡ ನೀರಿಗಿ ಜಗಳಾಡ್ತೀರಿ. ನಾ ಅಲ್ಲಿ ದಿನಾ ಸಂಜಿಗಿ ಕಾಲುವ್ಯಾಗ ಈಜ್ತೇನಿ."

ಕೆಲಸ ಬಿಟ್ಟು ತಮ್ಮೂರು ಸಾಯಗಾಂವಕ್ಕೆ ಮರಳಿದ ಮೇಲೆ ಅವರಿಗೆ ಮೂತ್ರದ ಕೊನೆಯಲ್ಲಿ ರಕ್ತ ಹೋಗತೊಡಗಿತು. ಊರವರು ಉಷ್ಣ ಎಂದರು, ಡಾಕ್ಟರು ಕಲ್ಲು ಎಂದರು. ಒಂದು ದಿನ ಬಸ್ಸಿಳಿದು ನೇರ ನನ್ನ ಲ್ಯಾಬಿಗೇ ಬಂದರು. ಆಗ ಹನ್ನೆರಡೂವರೆ.

"ಈಗ ಕೊಟ್ರ ನಡೀತದೇನವ್ವಾ? ಈ ಹೊತ್ತಿಗೇ ಭಾಳ ಕೆಂಪ ಹೋಗ್ತದ."

"ನಡ್ಯಾಂಗಿಲ್ರಿ ಭಾವ. ನಾಳಿ ಮುಂಜಾನಿದು ತರ್ರಿ."

ತಂದರು. ಮೂರು ಸಲ ತಂದರು. ಮೂರು ಸಲವೂ ರಕ್ತಕಣ ಇವೆ, ಬೇರೇನೂ ಇಲ್ಲ ಎಂದು ಬರೆದುಕೊಟ್ಟೆ.

ಎರಡು ವರ್ಷದ ನಂತರ ಹೈದರಾಬಾದಿನ ವೈದ್ಯರು ಮೊದಲು ಕೇಳಿದ್ದೇ ಕಾಲುವೆಯಲ್ಲಿ ಇಳಿದಿದ್ದಿರಾ ಎಂದು. ಆ ನೀರಿನ ಹುಳು ಚರ್ಮ ತೂರಿ ಒಳಹೊಕ್ಕಿತ್ತು, ಅದರ ಮೊಟ್ಟೆಗಳು ಮೂತ್ರಕೋಶದ ಗೋಡೆಯಲ್ಲಿ ಕೂತು ಕ್ಯಾನ್ಸರ್ ಆಗಿತ್ತು. ಆ ಮೊಟ್ಟೆ ಮೂತ್ರದಲ್ಲಿ ಹೆಚ್ಚಾಗಿ ಸಿಗುವುದು ನಡುಮಧ್ಯಾಹ್ನ, ಕೊನೆಯ ಹನಿಗಳಲ್ಲಂತೆ. ಭಾವ ಒಂದು ವರ್ಷವೂ ಉಳಿಯಲಿಲ್ಲ.

ಮುಂದೆ ಒಂದು ತರಬೇತಿಯಲ್ಲಿ ಪಾಠ ಮಾಡಿದವರು, ಇಂಥ ಕ್ಯಾನ್ಸರ್ ಮೊಳಕೆಯಲ್ಲಿರುವಾಗಲೇ ಮೂತ್ರದಲ್ಲಿ ಕಾಣಿಸುವ ಪ್ರೋಟೀನುಗಳನ್ನು ಹುಡುಕುತ್ತಿದ್ದಾರೆ ಎಂದು ಹೇಳಿದರು. ಆ ಪರೀಕ್ಷೆ ನಮ್ಮ ಜಿಲ್ಲೆಗೆ ಯಾವಾಗ ಬರುತ್ತದೆ ಎಂದು ಕೇಳಿದೆ.

"ನಿಮ್ಮ ಕಡೆ ಈ ರೋಗಾನೇ ಇಲ್ವಲ್ಲ ಮೇಡಂ" ಎಂದರು.

ಗುಳೆ ಹೋದವರ ಮೈಯಲ್ಲಿ ರೋಗವೂ ಊರಿಗೆ ಬರುವುದಿಲ್ಲವೇ? ಜಗಳವಾಡಿಯೇ ಎದ್ದು ಬಂದೆ. ಆದರೆ ಅವರ ಮೇಲೆ ಎಷ್ಟು ಹರಿಹಾಯ್ದರೇನು?

ಈ ಸಲ ಊರಿಗೆ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದಳು.

"ಮೂರು ಸಲ ನೀನೇ ನೋಡಿದಿ. ಏನೂ ಕಾಣ್ಲಿಲ್ಲೇನ?"

"ಇಲ್ಲಕ್ಕಾ" ಎಂದೆ. ಅಂದು ಮಧ್ಯಾಹ್ನ ಬಂದ ಭಾವನನ್ನು ವಾಪಸ್ ಕಳಿಸಿದ್ದನ್ನು ಇನ್ನೂ ಹೇಳಿಲ್ಲ.