ಮೂರು ದಾರಿಯಲ್ಲಿ ಹೋದ ಒಂದೇ ಮಾತು

ಕಂಪ್ಯೂಟರಿನಲ್ಲಿ ಸಂದೇಶದ ತಡ ತೋರಿಸುವ ಗೆರೆ ಸರ್ರನೆ ಕೆಳಗಿಳಿದಾಗ ನಾನು ಲ್ಯಾಬಿನಲ್ಲೇ ಎದ್ದು ಕುಣಿದುಬಿಟ್ಟೆ. ಆಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ನಮ್ಮ ಕಡೆಗೆ ಮೊಬೈಲು ಆಗತಾನೇ ಕಾಲಿಡುತ್ತಿತ್ತು. ಮೊಬೈಲಿನಿಂದ ಮೊಬೈಲಿಗೆ ಕೈ ಬದಲಾಯಿಸುತ್ತ ಹೋಗುವ ಸಂದೇಶ, ಟವರ್ ಹತ್ತಿ ತಂತಿಯಲ್ಲಿ ಓಡುವ ಸಂದೇಶ, ಎರಡೂ ಬೆರೆತ ಜಾಲ ಎಷ್ಟು ಹೊರೆ ಹೊರುತ್ತದೆ, ಎಷ್ಟು ತಡ ಮಾಡುತ್ತದೆ ಎನ್ನುವುದೇ ನನ್ನ ಪ್ರಾಜೆಕ್ಟ್. ಒಂದೇ ಸಂದೇಶದ ನಕಲುಗಳನ್ನು ಹಲವು ದಾರಿಯಲ್ಲಿ ಅಟ್ಟುವುದು, ಯಾವುದು ಮೊದಲು ಮುಟ್ಟಿದರೂ ಸರಿ ಎನ್ನುವುದು ನನ್ನ ಉಪಾಯ. ತಡ ಇಳಿದೇ ಇಳಿಯಿತು! ನನ್ನಂಥ ಜಾಣೆ ಇಡೀ ಜಿಲ್ಲೆಯಲ್ಲಿಲ್ಲ ಎನ್ನಿಸಿತು.

ಅದೇ ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುವವರಿದ್ದರು. ಅಮ್ಮ ನನ್ನ ಗೆರೆಯನ್ನು ನೋಡಲೇಬೇಕೆಂದು ನನಗೆ ಹಟ ಹುಟ್ಟಿತು. ಭದ್ರಾವತಿಯ ಜನ್ನಾಪುರದಲ್ಲಿ ದೋಸೆ ಹಿಟ್ಟು ರುಬ್ಬಿ ಮಾರಿ ನನ್ನನ್ನು ಓದಿಸುತ್ತಿದ್ದವಳು ನನ್ನ ಕಾಲೇಜಿನ ಗೇಟನ್ನೂ ಕಂಡಿರಲಿಲ್ಲ.

ಮನೆಯಲ್ಲಿ ಫೋನಿರಲಿಲ್ಲ. ನಾನು ಚಿಕ್ಕಮ್ಮ ಎನ್ನುವ ಹಾಗೆ ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯವರ ಫೋನೇ ನಮ್ಮ ‘ಪಿ.ಪಿ. ನಂಬರ್’. ಅಲ್ಲಿಗೆ ಫೋನ್ ಮಾಡಿದರೆ ಅವರು ಗೋಡೆಯಾಚೆಯಿಂದ ಅಮ್ಮನನ್ನು ಕೂಗುತ್ತಿದ್ದರು. ಅವತ್ತು ಲೈನೇ ಸಿಗಲಿಲ್ಲ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲವಲ್ಲ! ಬಸ್ ಸ್ಟ್ಯಾಂಡಿಗೆ ಓಡಿದೆ. ಮನೆಗೇ ಅಂಟಿಕೊಂಡ ಅಮ್ಮನ ಹಿಟ್ಟಿನ ಅಂಗಡಿಯ ಮುಂದೆಯೇ ನಿಲ್ಲುವ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ಅದೇ ಬಸ್ಸು ಹತ್ತುತ್ತಿದ್ದ ನಮ್ಮ ಬೀದಿಯ ಟೀಚರಿಗೂ ಹೇಳಿದೆ. ಕೊನೆಗೆ ಲೈನ್ ಸಿಕ್ಕಿದಾಗ ಖಾಲಾಗೂ ಅದೇ ಮಾತು ಹೇಳಿದೆ.

“ಅಮ್ಮ ಈಗ್ಲೇ ಕಾಲೇಜಿಗೆ ಒಂದ್ಸಲ ಬಂದು ಹೋಗ್ಬೇಕಂತೆ ಅನ್ನಿ. ಗಾಬರಿ ಏನಿಲ್ಲ ಅಂತಾನೂ ಹೇಳಿ.”

ಮಧ್ಯಾಹ್ನ ಪರೀಕ್ಷಕರು ನನ್ನ ಗೆರೆಯನ್ನು ಬಹಳ ಹೊತ್ತು ನೋಡಿದರು. “ತಡ ಇಳೀತು, ಸರಿ. ಇಷ್ಟೊಂದು ನಕಲು ಕಳ್ಸಿದ್ರೆ ನಷ್ಟ ಏನಮ್ಮ?”

“ಏನೂ ಇಲ್ಲ ಸರ್,” ಎಂದೆ, ಎದೆಯುಬ್ಬಿಸಿ. ಅವರು ಮುಖ ಗಂಟಿಕ್ಕಿದರು. ಪ್ರಾಜೆಕ್ಟು ಕೈಬಿಟ್ಟುಹೋಗುತ್ತಿದೆ ಎಂದು ನನಗೆ ಗೊತ್ತಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಅಳು ಕೇಳಿಸಿತು. ಅಮ್ಮ! ಕೈಯಲ್ಲಿ ಒಣಗಿದ ಹಿಟ್ಟು, ಕಾಲಲ್ಲಿ ಚಪ್ಪಲಿಯಿಲ್ಲ. ಖಾಲಾ ಅವಳ ತೋಳು ಹಿಡಿದಿದ್ದರು.

“ಅರೇ, ನೋಡಿ ಅಕ್ಕಾ! ನಿಮ್ಮ ಮಗಳು ನಿಂತ್ಕೊಂಡೇ ಇದ್ದಾಳಲ್ಲ!”

ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ‘ಒಂದ್ಸಲ ಬಂದು ಹೋಗ್ಬೇಕಂತೆ, ಗಾಬರಿ ಏನಿಲ್ಲ’ ಎನ್ನುತ್ತಾರೆ. ಒಬ್ಬರೇ ಹೇಳಿದ್ದರೆ ಅಮ್ಮ ಮಾತನ್ನು ಇದ್ದ ಹಾಗೇ ನಂಬಿ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದಳು. ಖಾಲಾ ಹೇಳಿದ ಬೆನ್ನಿಗೇ ಬಸ್ಸಿಳಿದ ಟೀಚರು, ಅವರ ಹಿಂದೆಯೇ ಕಂಡಕ್ಟರು ಅದೇ ಮಾತು ಹೇಳಿದ್ದರು. ಮೂವರು ಹೇಳಿದ ಮೇಲೆ ಮಗಳು ಹೋದಳೆಂದಲ್ಲದೆ ಅವಳು ಇನ್ನೇನು ತಿಳಿದಾಳು?

“ಸರ್,” ಎಂದೆ ತೊದಲುತ್ತ, “ನಷ್ಟ ಇದೆ. ಅಷ್ಟೊಂದು ನಕಲು ತಗೊಳ್ಳೋರಿಗೆ ಹೊರೋಕಾಗಲ್ಲ.”

ಪರೀಕ್ಷಕರು ವಿಷಯವೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕರು. “ಇದನ್ನ ವರದೀಲಿ ಬರಿ, ಪಾಸ್ ಮಾಡ್ತೀನಿ,” ಎಂದು ತಮ್ಮ ಕುರ್ಚಿಯನ್ನೇ ಅಮ್ಮನಿಗೆ ಬಿಟ್ಟುಕೊಟ್ಟರು. ನನಗೆ ಮತ್ತೆ ಕುಣಿಯುವಷ್ಟು ಸಂತೋಷವಾಯಿತು.

ಅಮ್ಮ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೆನ್ನೆ, ಭುಜ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

“ಇನ್ಮೇಲೆ ಒಬ್ರ ಹತ್ರ ಹೇಳಿ ಕಳ್ಸೇ, ಮಾರಾಯ್ತಿ. ತಡ ಆದ್ರೆ ಆಗ್ಲಿ, ನಾನು ಕಾಯ್ತೀನಿ.”